ರಟ್ಟಕ್ಕ ಹೂಡಿದ ದಾವೆ

ಶಾಲೆಯ ಹಾಜರಿ ಪುಸ್ತಕದಿಂದ ಹಿಡಿದು ವಕೀಲರ ದಪ್ಪ ಹೊತ್ತಗೆಗಳವರೆಗೆ, ಊರಿನಲ್ಲಿ ಹರಿದದ್ದೆಲ್ಲ ಅವಳ ಅಂಗಡಿಗೆ ಬರುತ್ತಿತ್ತು. ಹೊಲಿದು, ಅಂಟು ಬಳಿದು, ರಟ್ಟು ಹಾಕಿ ಕೊಡುತ್ತಿದ್ದಳು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ರಟ್ಟಕ್ಕ. ಹನ್ನೊಂದು ವರ್ಷ ಚೂರಿಯಲ್ಲೇ ಕಾಗದ ಕತ್ತರಿಸಿ, ಉಳಿಸಿದ್ದರಲ್ಲಿ ಒಂದು ಕಟಿಂಗ್ ಮಷಿನ್ ಕೊಂಡಿದ್ದಳು. ಹಿಡಿ ಎಳೆದರೆ ಮುನ್ನೂರು ಹಾಳೆ ಬೆಣ್ಣೆಯಂತೆ ತುಂಡಾಗುತ್ತಿದ್ದವು.

ಪಿತ್ತಕೋಶದ ಕಲ್ಲಿಗೆ ಆಪರೇಷನ್ನಾಗಿ ಹದಿನೈದು ದಿನ ಆಸ್ಪತ್ರೆಯಲ್ಲಿದ್ದಳು. ಅಂಗಡಿಯ ಬೀಗದ ಕೈ ತಮ್ಮನಿಗೆ ಕೊಟ್ಟಿದ್ದಳು. ವಾಪಸು ಬಂದು ಬಾಗಿಲು ತೆಗೆದರೆ ಮಷಿನ್ ಇದ್ದ ಕಡೆ ನಾಲ್ಕು ಬೋಲ್ಟಿನ ತೂತುಗಳು, ಅಷ್ಟೆ. ಅದರ ರಸೀದಿ ಇಟ್ಟಿದ್ದ ಡಬ್ಬಿಯೂ ಮಾಯ.

ಹಿಂದಿನ ಬೀದಿಯಲ್ಲಿ ತಮ್ಮನ ಹೊಸ ಪ್ರೆಸ್ಸಿನ ಬೋರ್ಡು ಏರಿತ್ತು. ಒಳಗೆ ಅವಳ ಮಷಿನ್.

"ಏನೋ ಇದು?"

"ಇಬ್ರೂ ಸೇರಿ ತಗೊಂಡಿದ್ದಲ್ವೇನಕ್ಕಾ? ಇನ್ನು ನಿನ್ ಕೈಲಿ ಹಿಡಿ ಎಳೆಯೋಕಾಗುತ್ತಾ? ಸುಮ್ನೆ ಮನೇಲಿರು."

ಸೇರಿ! ಅವನು ಒಂದು ಬಿಡಿಗಾಸೂ ಹಾಕಿರಲಿಲ್ಲ. ರಟ್ಟಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ನೇರ ವಕೀಲೆಯ ಮನೆಗೆ ಹೋದಳು. ಸುದ್ದಿ ತಿಳಿದು ರಟ್ಟಕ್ಕನ ಅಮ್ಮ ಓಡಿ ಬಂದರು.

"ಒಡಹುಟ್ಟಿದವನ ಮೇಲೆ ಕೇಸ್ ಹಾಕ್ತೀಯೇನೇ? ನಾಲ್ಕು ಜನ ಏನಂದಾರು?"

"ನನ್ ಹೊಟ್ಟೆಗೆ ಹೊಲಿಗೆ ಹಾಕಿರೋವಾಗ್ಲೇ ಅವನು ನನ್ ಹೊಟ್ಟೆ ಮೇಲೆ ಹೊಡೆದ್ನಲ್ಲ, ಆಗ ಆ ನಾಲ್ಕು ಜನ ಎಲ್ಲಿ ಹೋಗಿದ್ರಮ್ಮ?"

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಅವಳಿಗೂ ಅದು ಗೊತ್ತಿತ್ತು. ತಮ್ಮನ ವಕೀಲರಿಗೆ ಒಂದು ಸಲ ಜ್ವರ, ಒಂದು ಸಲ ಮಗಳ ಮದುವೆ, ಮತ್ತೆ ಜ್ವರ. ವಾಯಿದೆಯ ಮೇಲೆ ವಾಯಿದೆ ಬಿದ್ದು ಐದು ವರ್ಷ ಹೋಯಿತು. ಅವಳು ಮತ್ತೆ ಚೂರಿ ಹಿಡಿದಳು. ಹೆಬ್ಬೆರಳು ಜಡ್ಡುಗಟ್ಟಿತು. ಹಿಂದಿನ ಬೀದಿಯಿಂದ ಮಷಿನ್ನಿನ 'ಧಡ್' ಕೇಳಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದಳು.

ಮಷಿನ್ ಮಾರಿದ್ದ ಮುದುಕ ಬಂದು, "ಕೊಂಡದ್ದು ಈಯಮ್ಮನೇ" ಎಂದು ಸಾಕ್ಷಿ ಹೇಳಿದ. ಮುದುಕನಿಗೆ ಮರೆವು ಎಂದರು ತಮ್ಮನ ವಕೀಲರು. ಆಮೇಲೆ ತಮ್ಮ ಕಟಕಟೆ ಹತ್ತಿದ. ಈಗ ಮಷಿನ್ ಪೂರ್ತಿ ತನ್ನದೇ, ಅಕ್ಕ ಬರೀ ಕೂಲಿಯವಳು, ಅಂಟು ಬಳಿಯುತ್ತಿದ್ದಳು ಎಂದ.

ವಕೀಲೆ ಎದ್ದು ನಿಂತಳು. "ಅಲಗು ಬದಲಾಯಿಸುವಾಗ ಮೊದ್ಲು ಯಾವ ಬೋಲ್ಟ್ ಬಿಚ್ತೀರಿ?"

"ಅದೆಲ್ಲ ನಾನ್ ಮಾಡಲ್ಲ."

"ಮತ್ಯಾರು ಮಾಡ್ತಿದ್ರು?"

"ಅಕ್ಕನೇ. ಅವಳದ್ದನ್ನ ಬೇರೆಯವರು ಮುಟ್ಟೋಕೆ ಬಿಡ್ತಿರ್ಲಿಲ್ಲ."

ಹೇಳಿದ ಮೇಲೆ ಅವನು ನಾಲಿಗೆ ಕಚ್ಚಿಕೊಂಡ. ಕೋರ್ಟಿನಲ್ಲಿದ್ದವರೆಲ್ಲ ಗೊಳ್ಳೆಂದರು. ರಟ್ಟಕ್ಕ ನಗಲಿಲ್ಲ.

ಮಷಿನ್ ಹಿಂದಿರುಗಿಸಬೇಕು, ಐದು ವರ್ಷದ ನಷ್ಟವನ್ನೂ ತುಂಬಿಕೊಡಬೇಕು ಎಂದು ತೀರ್ಪಾಯಿತು. ಕೋರ್ಟಿನ ಅಮೀನನೊಂದಿಗೆ ಅವಳು ಪ್ರೆಸ್ಸಿಗೆ ಹೋದಳು, ಸ್ಪ್ಯಾನರ್ ತಾನೇ ಹಿಡಿದಳು. ಅಲಗಿಗೆ ತುಕ್ಕು. ಹಲ್ಲುಚಕ್ರಗಳಿಗೆ ಒಂದು ಹನಿ ಎಣ್ಣೆ ಕಂಡಂತಿರಲಿಲ್ಲ. ನೋಡಿದಷ್ಟೂ ಸಿಟ್ಟು ಹೆಚ್ಚಿತು. ತಮ್ಮ ಅಡ್ಡ ಬಂದ.

"ಅಕ್ಕಾ, ನಂದೂ ಹೊಟ್ಟೆಪಾಡು ಕಣೇ..."

"ಪಕ್ಕಕ್ಕೆ ನಿಲ್ಲು. ಕಾಲ್ ಮೇಲೆ ಬಿದ್ದೀತು."

ನಷ್ಟ ಪರಿಹಾರ ಕೊಡಲಾರೆನೆಂದು ಅವನು ಮೇಲ್ಮನವಿ ಹಾಕಿದ್ದಾನೆ. ಅಮ್ಮ ಇವಳ ಹೊಸ್ತಿಲು ತುಳಿಯುವುದನ್ನು ಬಿಟ್ಟಿದ್ದಾರೆ.

"ಮಷಿನ್ ಬಂತಲ್ಲ, ಇನ್ನಾದ್ರೂ ಕೋಪ ಬಿಡಿ" ಎಂದರು ಪಕ್ಕದ ಅಂಗಡಿಯವರು.

"ಅವನು ಅಪೀಲು ಬಿಡ್ಲಿ, ಆಮೇಲೆ ನಾನು ನೋಡ್ತೀನಿ" ಎಂದಳು ರಟ್ಟಕ್ಕ. ಪ್ರತಿ ವಾಯಿದೆಗೂ ಅಂಗಡಿ ಮುಚ್ಚಿ ಹೋಗಿ, ಮುಂದಿನ ಬೆಂಚಿನಲ್ಲೇ ಕೂರುತ್ತಾಳೆ.