ಸರದಿ ತೋರಿಸುವ ಪುಟ

ಎರಡು ಸಾವಿರದ ಐದರ ಸುಮಾರಿಗೆ ನಾನು ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದೆ, ಮಹಡಿ ಮೇಲಿನ ಒಂದು ಕೋಣೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಕಲಿಸುತ್ತೇನೆಂಬ ಜಂಬ ಬೇರೆ. ಆ ಜಂಬದಲ್ಲೇ ಸೋದರಮಾವನಿಗೆ ಮಾತು ಕೊಟ್ಟುಬಿಟ್ಟೆ: ಸರದಿ ನೋಡಲು ಇನ್ನು ನೀನು ಹರಾಜು ಕೇಂದ್ರದವರೆಗೆ ಅಲೆಯಬೇಕಾಗಿಲ್ಲ ಅಂತ.

ಮಾವನದು ಗಾವಡಗೆರೆ ಕಡೆಯ ಹಳ್ಳಿ. ಹೊಗೆಸೊಪ್ಪು ಬೆಳೆದವರು ಒಣಸೊಪ್ಪನ್ನು ಮೂಟೆಯ ಹಾಗೆ ಬೇಲು ಕಟ್ಟಿಟ್ಟು ಹರಾಜಿನ ಸರದಿಗೆ ಕಾಯಬೇಕು. ಯಾರ ನಂಬರು ಯಾವ ದಿನ ಎಂಬ ಪಟ್ಟಿಯನ್ನು ಹರಾಜು ಕೇಂದ್ರದ ಬೋರ್ಡಿಗೆ ಅಂಟಿಸುತ್ತಿದ್ದರು. ಅದು ಆಗಾಗ ಬದಲಾಗುತ್ತಿತ್ತು. ಮಾವನಿಗೆ ಓದು ಬರದು. ಬೋರ್ಡಿನ ಮುಂದೆ ಒಬ್ಬರನ್ನು ಕೇಳುವುದು, ಅವರು ಹೇಳಿದ್ದು ಸರಿಯೋ ಅಂತ ಇನ್ನೊಬ್ಬರನ್ನು ಕೇಳುವುದು, ಇದು ಅವನ ಪದ್ಧತಿ. ನನ್ನ ಮಾತನ್ನು ಮಾತ್ರ ಇನ್ನೊಬ್ಬರ ಹತ್ತಿರ ಕೇಳಿದವನಲ್ಲ.

ಪಿರಿಯಾಪಟ್ಟಣದಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದ ಗೆಳತಿಯೊಬ್ಬಳು ಜೊತೆಯಾದಳು. ಸರದಿ ತೋರಿಸುವ ಪುಟವೊಂದನ್ನು ಇಂಟರ್ನೆಟ್ಟಿಗೆ ಹಾಕುವುದೆಂದಾಯಿತು, ಅದನ್ನು ಯಾವುದರಲ್ಲಿ ಮಾಡುವುದು ಅಂತಲೇ ಎರಡು ವಾರ ಜಗಳವಾಡಿದೆವು. ನನಗೆ ಬರುತ್ತಿದ್ದದ್ದು ನಮ್ಮ ಕಂಪ್ಯೂಟರಿನಲ್ಲೇ ಪಟ್ಟಿ ಇಡುವ ಆಕ್ಸೆಸ್ಸು. ಅವಳದು ಇಂಟರ್ನೆಟ್ಟಿನಲ್ಲಿ ಪುಟ ಕಟ್ಟುವ ಮೈಎಸ್‌ಕ್ಯೂಎಲ್ಲು, ಪಿಎಚ್‌ಪಿ ಅಂತ ಒಂದೇ ಹಟ. ಇಬ್ಬರೂ ಬಗ್ಗಲಿಲ್ಲ, ಕೊನೆಗೆ ಎರಡನ್ನೂ ಸೇರಿಸಿದೆವು. ನಾನು ಬೋರ್ಡ್ ನೋಡಿ ಬರೆದುಕೊಂಡು ಬಂದು ಆಕ್ಸೆಸ್ಸಿನಲ್ಲಿ ಟೈಪ್ ಮಾಡುವುದು, ಫೋನ್ ಲೈನಿನ ಮೇಲೆ ದೂರದ ಸರ್ವರಿಗೆ ಕಳಿಸುವುದು, ಅಲ್ಲಿ ಅವಳ ಪ್ರೋಗ್ರಾಂ ಪುಟ ಕಟ್ಟುವುದು. ಪಿರಿಯಾಪಟ್ಟಣದಲ್ಲಾಗಲಿ, ಹುಣಸೂರಿನಲ್ಲಾಗಲಿ, ಯಾವ ಬ್ರೌಸಿಂಗ್ ಸೆಂಟರಿನಲ್ಲಿ ನಂಬರು ಒತ್ತಿದರೂ ದಿನ ಕಾಣುತ್ತಿತ್ತು. ನಮ್ಮ ಜಗಳಕ್ಕೆ ರಾಜಿಯಾಯಿತು, ಕೆಲಸಕ್ಕೆ ಆ ರಾಜಿ ಒಗ್ಗುತ್ತದೆಯೇ ಅಂತ ಯಾರೂ ಕೇಳಿಕೊಳ್ಳಲಿಲ್ಲ.

ಜನ ದಿನವಿಡೀ ಒಬ್ಬೊಬ್ಬರಾಗಿ ಬಂದು ನೋಡುತ್ತಾರೆ ಎಂದುಕೊಂಡಿದ್ದೆವು. ನಮ್ಮ ಕಡೆ ಹಾಗೆಲ್ಲಿ? ಊರಿಗೊಬ್ಬ ಹೊರಡುತ್ತಾನೆ, ಊರವರ ಹರಾಜಿನ ನಂಬರಿರುವ ಪಾಸ್‌ಬುಕ್ಕುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಅದೂ ಮೊದಲನೇ ಬಸ್ಸಿಗೆ. ಇದೇ ಹಳ್ಳಿಗಳಲ್ಲಿ ಬೆಳೆದ ನಮಗಿಬ್ಬರಿಗೂ ಅದು ಹೊಳೆಯಲಿಲ್ಲ ಎಂದರೆ ಏನು ಹೇಳುವುದು. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಊರಿನ ನಂಬರುಗಳೂ ಒಟ್ಟಿಗೆ ಬಂದು ಬೀಳುತ್ತಿದ್ದವು. ಅಷ್ಟನ್ನು ತಾಳಲಾರದೆ ಪುಟ ಏನೂ ಕಾಣಿಸದೆ ಬೆಳ್ಳಗೆ ನಿಂತುಬಿಡುತ್ತಿತ್ತು.

ಗೆಳತಿಯೇ ದಾರಿ ಹುಡುಕಿದಳು. ಪ್ರತಿ ಸಲ ಹೊಸದಾಗಿ ಪುಟ ಕಟ್ಟುವ ಬದಲು, ಒಮ್ಮೆ ಕಟ್ಟಿದ್ದರ ನಕಲನ್ನೇ ಇಟ್ಟುಕೊಂಡು ತೋರಿಸುವುದು. ನಕಲು ದಿನಕ್ಕೊಮ್ಮೆ ತಾನಾಗಿ ಅಳಿಯುತ್ತಿತ್ತು, ನಡುವೆ ಪಟ್ಟಿ ಬದಲಾದರೆ ಕೈಯಾರೆ ಅಳಿಸಬೇಕು. ಪಟ್ಟಿ ಕಳಿಸುವ ನಾನು ಅಳಿಸುತ್ತೇನೆಂದು ಅವಳು, ನಕಲು ಅವಳದಾದ್ದರಿಂದ ಅವಳೇ ಅಳಿಸುತ್ತಾಳೆಂದು ನಾನು. ಬಾಯಿಬಿಟ್ಟು ಮಾತಾಡಿಕೊಳ್ಳಲೇ ಇಲ್ಲ. ಪುಟ ಚಕಚಕ ತೆರೆಯುತ್ತಿತ್ತು, ಅಷ್ಟಕ್ಕೇ ಹಿಗ್ಗಿದೆವು.

ಒಂದು ಮಧ್ಯಾಹ್ನ ಕೇಂದ್ರದವರು ಜಾಗ ಸಾಲದೆ ಒಂದಷ್ಟು ನಂಬರುಗಳನ್ನು ಮುಂದಿನ ವಾರಕ್ಕೆ ದೂಡಿದರು. ನಾನು ಹೊಸ ಪಟ್ಟಿ ಬರೆದುಕೊಂಡು ಬಂದು, ಯಾರ ನಂಬರು ಏನೆಂದು ನೋಡದೆ ಟೈಪ್ ಮಾಡಿ ಕಳಿಸಿದೆ. ಸಂಜೆ ಮಾವ ಫೋನ್ ಮಾಡಿ ತನ್ನ ಸರದಿ ಯಾವತ್ತು ಅಂತ ಕೇಳಿದ. ಬರೆದುಕೊಂಡ ಹಾಳೆ ಬ್ಯಾಗಿನಲ್ಲೇ ಇತ್ತು. ಅದನ್ನು ತೆಗೆಯದೆ, ನಮ್ಮ ಪುಟ ತೆರೆದು ನೋಡಿ, "ನಾಳೆನೇ ಮಾವ" ಅಂದೆ.

ಬೆಳಿಗ್ಗೆ ಅವನ ಬೇಲುಗಳನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. ದೂಡಿದ ನಂಬರುಗಳಲ್ಲಿ ಅವನದೂ ಇತ್ತು, ಪುಟ ತೋರಿಸಿದ್ದು ಯಾರೂ ಅಳಿಸದ ಹಳೇ ನಕಲು. ದಾರಿಯಲ್ಲಿ ಮಳೆ ಹಿಡಿಯಿತು, ಟಾರ್ಪಾಲು ಸಾಲಲಿಲ್ಲ. ಅತ್ತೆ ವಾರಗಟ್ಟಲೆ ಕೂತು ಬಣ್ಣ ನೋಡಿ ವಿಂಗಡಿಸಿದ್ದ ಸೊಪ್ಪು. ನಾಲ್ಕು ದಿನ ಬಿಟ್ಟು ನಾನು ಹೋದಾಗ ಬೇಲು ಬಿಚ್ಚಿ ಹರಡಿದ್ದರು. ಪಡಸಾಲೆ ತುಂಬ ಬೂಷ್ಟಿನ ವಾಸನೆ. ನಾನು ನಕಲಿನ ವಿಷಯ ವಿವರಿಸಲು ಹೋದೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

"ಬುಡವ್ವ, ನೀನೇನು ಬೇಕೂಂತ ಮಾಡಿದ್ಯಾ," ಅಂದ ಮಾವ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಕಲು ತೆಗೆದೆವು, ಒಂಬತ್ತು ಗಂಟೆಗೆ ಪುಟ ಮತ್ತೆ ನಿಂತಿತು. ನಕಲು ಹಾಕಿದೆವು, ಯಾರೂ ನಂಬಲಿಲ್ಲ. ಬೇರೆ ಏನಾದರೂ ಜೋಡಿಸೋಣವೆಂದರೆ ಇಬ್ಬರಿಗೂ ಮನಸ್ಸು ಸತ್ತಿತ್ತು. ಪಾಸ್‌ಬುಕ್ಕಿನ ಚೀಲಗಳು ಮತ್ತೆ ಬೋರ್ಡಿನ ಕಡೆಗೇ ಹೋದವು. ಗೆಳತಿ ಸೆಂಟರಿನಲ್ಲಿ ಜೆರಾಕ್ಸ್ ಮಿಷಿನ್ ಇಟ್ಟಳು.

ಆ ಹಂಗಾಮಿನ ಕೊನೆಯಲ್ಲಿ, ಹೇಗೋ ಉಳಿದ ಒಂದೆರಡು ಬೇಲಿನ ಸರದಿ ನೋಡಲು ಬಂದ ಮಾವ ಬೋರ್ಡಿನ ಮುಂದೆ ಸಿಕ್ಕಿದ.

"ನೋಡವ್ವ, ನಮ್ದು ಯಾವತ್ತೈತೆ?" ಅಂದ.

ನಂಬರಿನ ಮೇಲೆ ಬೆರಳಿಟ್ಟು ಓದಿದೆ. ತಪ್ಪಿರಬಾರದೆಂದು ಎರಡು ಸಲ ಓದಿ ಹೇಳಿದೆ. ಸರಿ ಕಣವ್ವ ಅಂತ ತಲೆಯಾಡಿಸಿದ. ನಾನು ಬ್ಯಾಗು ಹೆಗಲಿಗೇರಿಸಿ ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ, ಮಾವ ಪಕ್ಕದಲ್ಲಿ ನಿಂತಿದ್ದವನ ಕೈಗೆ ಪಾಸ್‌ಬುಕ್ ಕೊಟ್ಟು ಕೇಳುತ್ತಿದ್ದ.