ಮುಖ ನನ್ನದು, ಮನಸ್ಸೂ ನನ್ನದೇ

ನನ್ನದು ಹುಟ್ಟು ಸಿಡುಕುಮುಖ. ಬಾಯಲ್ಲಿ ಹೋಳಿಗೆ ಇದ್ದರೂ ಹಾಗಲಕಾಯಿ ಅಗಿಯುತ್ತಿರುವಂತೆ ಕಾಣುತ್ತೇನೆ. ಮದುವೆ ಫೋಟೋ ನೋಡಿದವರು ‘ಬಲವಂತದ ಮದುವೆಯಾ?’ ಎಂದು ಕೇಳುವುದುಂಟು. ನಿಜಕ್ಕೂ ಹಿಂದೆಮುಂದೆ ನೋಡಿದವರು ನನ್ನ ಯಜಮಾನರು. ಈ ಮುಖ ಹೊತ್ತುಕೊಂಡೇ ದಿನಾ ಹಳೇಬೀಡಿನಿಂದ ಬೇಲೂರಿಗೆ ಬಸ್ಸು ಹತ್ತಿ, ಸಹಕಾರ ಸಂಘದ ಕೌಂಟರಿನಲ್ಲಿ ಕೂತು, ಇಷ್ಟು ವರ್ಷ ಸರಾಗವಾಗಿ ಕಳೆದಿದ್ದೆ.

ಹೋದ ವರ್ಷ ಸಂಘಕ್ಕೆ ಮುಖ ಓದುವ ಕ್ಯಾಮೆರಾ ಬಂತು. ಜೊತೆಗೊಂದು ನಿಯಮ: ಸಿಬ್ಬಂದಿ ಗ್ರಾಹಕರ ಬಗ್ಗೆ ಮನಸ್ಸಿನಲ್ಲೂ ಅಸಮಾಧಾನ ಇಟ್ಟುಕೊಳ್ಳಬಾರದು, ಕ್ಯಾಮೆರಾ ಪತ್ತೆ ಹಚ್ಚುತ್ತಲೇ ಹೋದರೆ ತಿಂಗಳ ಕೊನೆಗೆ ಬಿಕ್ಕೋಡು ಶಾಖೆಗೆ ವರ್ಗ. ಮೊದಲ ವಾರವೇ ನನ್ನ ಹೆಸರಿನ ಮುಂದೆ ಸಾಲುಸಾಲು ಕೆಂಪು ಚುಕ್ಕೆ. ಬಿಕ್ಕೋಡೇನು ಕೆಟ್ಟ ಊರಲ್ಲ. ಆದರೆ ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಅಲ್ಲಿಂದ ಬಸ್ಸು ಬದಲಿಸಿ ಮನೆ ಸೇರುವಷ್ಟರಲ್ಲಿ ಸೂರ್ಯನೂ ಇಲ್ಲ, ಊಟವೂ ಇಲ್ಲ. ನಾನು ಬರದೆ ನಮ್ಮತ್ತೆ ತಟ್ಟೆ ಮುಟ್ಟುವವರಲ್ಲ. ಇಬ್ಬರಿಗೂ ಉಪವಾಸವೇ ಗತಿ ಎಂದು ನನಗೆ ನಿಜವಾಗಿ ಭಯವಾಯಿತು.

ಬೇಲೂರಿನ ಗುಡಿಯಲ್ಲಿ ಕನ್ನಡಿ ಹಿಡಿದು ನಿಂತ ಶಿಲಾಬಾಲಿಕೆ ಏನು ಯೋಚಿಸುತ್ತಿದ್ದಾಳೆಂದು ಇಷ್ಟು ಶತಮಾನಗಳಲ್ಲಿ ಯಾರೂ ವಿಚಾರಣೆ ನಡೆಸಿಲ್ಲ. ಗೈಡುಗಳು ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವಳ ಪುಣ್ಯ ನನಗಿರಲಿಲ್ಲ. ನಗುವುದನ್ನು ಅಭ್ಯಾಸ ಮಾಡಿದೆ. ಬಸ್ಸಿನಲ್ಲಿ ನಕ್ಕಾಗ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಭಾನುವಾರ ನಮ್ಮೂರ ಬಸದಿಯಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳ ಮುಂದೆ ನಕ್ಕೆ. ಒಂದರಲ್ಲಿ ಮುಖ ಉದ್ದ, ಇನ್ನೊಂದರಲ್ಲಿ ಸೊಟ್ಟ.

“ಏನೇ ಅದು, ಹಲ್ಲು ನೋಯ್ತೈತಾ?” ಎಂದರು ಜೊತೆಗಿದ್ದ ಅತ್ತೆ.

ವಿಷಯ ಹೇಳಿದೆ. “ಮನಸ್ಸಲ್ಲಿ ಬೈಕೊಂಡ್ರೂ ಕರ್ಮ ಅಂಟ್ತದೆ ಕಣೇ, ಅದು ಸರಿ. ಆದ್ರೆ ತೊಳ್ಕೊಳೋಳು ನೀನು. ಮಧ್ಯದಲ್ಲಿ ಸಂಘದೋರಿಗೇನಂತೆ?”

ಆ ಮಾತಿನ ಧೈರ್ಯದಲ್ಲಿ, ನಿಯಮವನ್ನು ಮರುಪರಿಶೀಲಿಸಿ ಎಂದು ಅಧ್ಯಕ್ಷರನ್ನು ಕೇಳಿದೆ. ಸಭೆ ಸೇರಿತು.

“ಮೇಡಂ ಯಾರಿಗಾದ್ರೂ ಗದರವ್ರೇನ್ರೀ? ಬೇಕಂತ ಕಾಯಿಸವ್ರಾ?” ಅಧ್ಯಕ್ಷರು ಕಾರ್ಯದರ್ಶಿಯನ್ನು ಕೇಳಿದರು.

“ಇಲ್ಲ ಸಾರ್, ಒಂದು ದೂರೂ ಇಲ್ಲ. ಆದರೆ ಮಷೀನು...” ಎಂದು ಕಾರ್ಯದರ್ಶಿ ಯಂತ್ರದ ಮಹಿಮೆ ಬಣ್ಣಿಸತೊಡಗಿದರು. ಊಟದ ಹೊತ್ತು ಮೀರಿದರೂ ಬಣ್ಣನೆ ಮುಗಿಯುವ ಲಕ್ಷಣವಿಲ್ಲ. ತೋರಿಸಲೆಂದು ಮೇಜಿನ ಮೇಲಿಟ್ಟಿದ್ದ ಕ್ಯಾಮೆರಾ ಅಧ್ಯಕ್ಷರತ್ತಲೇ ನೋಡುತ್ತಿತ್ತು. ಪರದೆಯ ಮೇಲೆ ಅವರ ಮುಖದ ಸುತ್ತ ಕೆಂಪು ಚೌಕ ಮೂಡಿತು: ತೀವ್ರ ಅಸಮಾಧಾನ.

“ನಾನೇನಂದೆ? ಬಾಯೇ ಬಿಟ್ಟಿಲ್ವಲ್ರೀ!” ಅಧ್ಯಕ್ಷರು ಗಾಬರಿಬಿದ್ದರು. “ಮೊದ್ಲು ಅದನ್ನ ಅತ್ಲಾಗೆ ತಿರುಗ್ಸಿ!”

ಊಟಕ್ಕೆ ಏಳುವ ಮೊದಲೇ ನಿಯಮ ಬದಲಾಯಿತು. ಗ್ರಾಹಕರನ್ನು ಗದರಬಾರದು, ಅವಮಾನಿಸಬಾರದು, ಸುಮ್ಮನೆ ಕಾಯಿಸಬಾರದು, ಅಷ್ಟೇ. ಮನಸ್ಸಿನ ಸುದ್ದಿ ಬಿಟ್ಟುಹೋಯಿತು. ಕ್ಯಾಮೆರಾ ಕಳ್ಳರನ್ನು ಕಾಯಲು ಬಾಗಿಲಿಗೆ ಹೋಯಿತು. ಆ ಸಂಜೆ ಬಿಸಿಲಿರುವಾಗಲೇ ಅತ್ತೆಯ ಪಕ್ಕ ಕೂತು ಉಂಡ ಅನ್ನ ಸಾರಿನ ರುಚಿಯನ್ನು ನಾನು ಮರೆಯಲಾರೆ.

ಮರುದಿನ ಒಬ್ಬ ಹಿರಿಯರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಬಾಯಲ್ಲಿ ಮರ್ಯಾದೆಯಾಗಿ ಉತ್ತರಿಸುತ್ತ ಮನಸ್ಸಿನಲ್ಲಿ ನಿರ್ಭಯವಾಗಿ ಬೈದುಕೊಂಡೆ. ಆಹಾ, ಎಂಥ ನೆಮ್ಮದಿ! ಸಂಜೆ ಸಾಮಾಯಿಕಕ್ಕೆ, ಅಂದರೆ ನಮ್ಮ ನಿತ್ಯದ ಧ್ಯಾನಕ್ಕೆ, ಕಣ್ಣು ಮುಚ್ಚಿ ಕೂತಾಗ ಆ ಬೈಗುಳ ನೆನಪಾಯಿತು. ಪಾಪ, ಅವರಿಗೆ ಕಿವಿ ಮಂದ ಎಂದು ಆಗ ಹೊಳೆಯಿತು. ಕ್ಯಾಮೆರಾ ಎದುರಿಗಿದ್ದ ದಿನಗಳಲ್ಲಿ ಇಂಥದ್ದೆಲ್ಲ ಹೊಳೆದದ್ದೇ ಇಲ್ಲ. ಧ್ಯಾನವೆಲ್ಲ ನನ್ನ ಮುಖದ ಮೇಲೇ ಇರುತ್ತಿತ್ತು.

ಮುಂದಿನ ಸಲ ಅವರು ಬಂದಾಗ ಹತ್ತಿರ ಬಾಗಿ, ನಿಧಾನವಾಗಿ, ಬಿಡಿಸಿ ಹೇಳಿದೆ. ಒಂದೇ ಸಲಕ್ಕೆ ಅರ್ಥವಾಗಿ ತಲೆಯಾಡಿಸಿದರು. ನನ್ನ ಮುಖ ಹೇಗಿತ್ತೋ, ಗೊತ್ತಿಲ್ಲ.