ಕಟ್ಟೆಯ ತನಕ ಬಂದವರು

ಮೂಗೂರಿನ ಪವಿತ್ರಳದು ಜೋರು ಬಾಯಿ. ಇದನ್ನು ಬೈಗುಳ ಅಂದುಕೊಳ್ಳುವವರು ಅಂದುಕೊಳ್ಳಲಿ.

ಅವಳು ಸಮುದ್ರ ಕಂಡವಳಲ್ಲ. ಕಂಡ ದೊಡ್ಡ ನೀರೆಂದರೆ ನರಸೀಪುರದ ಸಂಗಮ. ಆದರೂ ನಂಜನಗೂಡಿನಲ್ಲಿ, ಪಾತ್ರೆ ಅಂಗಡಿಯ ಮೇಲಿನ ಆಫೀಸಿನಲ್ಲಿ ಕೂತು ದಿನವಿಡೀ ಹಡಗು ಕಾಯುತ್ತಾಳೆ. ಹಡಗು ತಾನಿರುವ ಜಾಗದ ಸಿಗ್ನಲ್ ಕಳಿಸುತ್ತಲೇ ಇರುತ್ತದೆ. ಅದನ್ನು ನೋಡಿ ಕಂಪ್ಯೂಟರು, ಇಂಥ ಹಡಗು ಇಂಥ ಬಂದರಿಗೆ ಬಂತು ಎಂದು ಊಹಿಸುತ್ತದೆ. ಆ ಊಹೆ ಸರಿಯೋ ತಪ್ಪೋ ಹೇಳುವುದು ಪವಿತ್ರಳ ಕೆಲಸ. ಅದನ್ನು ನಂಬಿಕೊಂಡು ಎಲ್ಲೋ ಹೊರದೇಶದಲ್ಲಿ ಜನ ಸರಕಿಗೆ ಕಾಯುತ್ತಾರೆ.

ಟೀಮ್ ಲೀಡರ್ ಅಮೃತೇಶ್ ಮಠದ ದಾಸೋಹದಲ್ಲಿ ಬಡಿಸಿ ಬೆಳೆದವನು. ಬಂದರಿನ ಸುತ್ತ ಎಳೆದ ಗೆರೆಯೊಳಗೆ ಹಡಗು ನಿಂತರೆ ಸಾಕು, 'ಭೇಟಿ' ಅಂತ ಒತ್ತಿ ಎನ್ನುವುದು ಅವನ ನಿಯಮ. "ಮಠದ ಮೆಟ್ಲು ಮುಟ್ಟಿದವ್ರೆಲ್ಲ ಬಂದವ್ರೇ ಕಣ್ರೀ" ಎಂದಾಗ ಎಲ್ಲರೂ ತಲೆಯಾಡಿಸಿದ್ದರು. ಪವಿತ್ರಳೂ. ಅವಳ ಮನೆಯಲ್ಲೂ ಜಗಲಿಗೆ ಬಂದವರು ಮನೆಗೆ ಬಂದಂತೆಯೇ. ಬೆಲ್ಲ ನೀರು ಕೊಡದೆ ಕಳಿಸಿದ್ದಿಲ್ಲ.

ಒಂದು ಭಾನುವಾರ ಎಲ್ಲ ಕೆಟ್ಟಿತು. ತಗಡೂರಿನಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬರಬೇಕಿತ್ತು. ಅವ್ವ ಗುರುಬಸಮ್ಮ ಕೇಸರಿಬಾತು ಮಾಡಿ ಕಾದಳು. ಕಾರು ಊರಿಗೇನೋ ಬಂತು, ಅರಳಿಕಟ್ಟೆಯ ಹತ್ತಿರ ನಿಂತಿತು. ಅವರು ಟೀ ಕುಡಿಯುವಾಗ ಯಾರೋ "ಆ ಉಡ್ಗೀದು ಬಾಯಿ ಜೋರು" ಅಂದರಂತೆ. ಕಾರು ಅಲ್ಲಿಂದಲೇ ತಿರುಗಿತು. ಸಂಜೆಯ ಹೊತ್ತಿಗೆ ಊರ ತುಂಬ, ಬಂದು ನೋಡಿದರು, ಹುಡುಗಿ ಒಪ್ಪಿಗೆಯಾಗಲಿಲ್ಲ ಎಂಬ ಮಾತು. ಅವ್ವನೂ ಅದಕ್ಕೆ ಹೂಂಗುಟ್ಟಿದಳು.

"ಬಾಗ್ಲಿಗೂ ಬರ್ನಿಲ್ಲ ಅಂದ್ರೆ ಮರ್ವಾದಿ ಓಯ್ತದೆ ಕನವ್ವ. ಬಂದಿದ್ರು ಅನ್ನೋದೇ ವಾಸಿ."

ಪವಿತ್ರಳ ಮೈ ಉರಿದುಹೋಯಿತು. ಕಣ್ಣಲ್ಲೂ ನೋಡದವರು ತನ್ನನ್ನು ಬೇಡ ಅಂದರಂತೆ!

ಸೋಮವಾರ ಅವಳ ಮುಂದೆ ಒಂದು ಹಡಗು. ಬಂದರಿನ ಹೊರಗೆ, ಆದರೆ ಗೆರೆಯ ಒಳಗೆ ಲಂಗರು ಹಾಕಿ ನಿಂತು, ದಡ ಮುಟ್ಟದೆ, ಬಂದ ದಾರಿಯಲ್ಲೇ ಹೊರಟುಹೋಗಿದೆ. ಕಂಪ್ಯೂಟರು ಅದನ್ನೂ 'ಭೇಟಿ' ಎಂದಿದೆ. ಪವಿತ್ರ 'ತಪ್ಪು' ಒತ್ತಿದಳು. ಹಿಂದೆ 'ಭೇಟಿ' ಎಂದು ಒತ್ತಿದ್ದ ಹಳೆಯವನ್ನೂ ತೆರೆದು, ಹೊರಗೇ ನಿಂತು ಹೋದವಕ್ಕೆಲ್ಲ 'ತಪ್ಪು' ಒತ್ತುತ್ತಾ ಹೋದಳು.

ಅಮೃತೇಶ್ ಓಡಿ ಬಂದ. "ಏನಮ್ಮಾ ಇದು? ಹಳೇದೆಲ್ಲ ತಪ್ಪು ಅಂದ್ರೆ ನಮ್ಗೆ ಕೆಲ್ಸ ಕೊಟ್ಟಿರೋ ಕಂಪನಿಯವ್ರು ಕೆಲ್ಸಾನೇ ಕಿತ್ಕೊಂಡು ಹೋಗ್ತಾರೆ!"

"ಈ ಹಡಗು ದಡ ಮುಟ್ತಾ ಸಾ?"

"ಇಲ್ಲ. ಗೆರೆ ಒಳಗೆ ಬಂತಲ್ಲ."

"ಕಟ್ಟೆ ತಂಕ ಬಂದೋರು ಮನೆಗೆ ಬಂದಂಗಲ್ಲ ಸಾ. ಮಠದಲ್ಲಿ ಉಣ್ಣದೆ ತಿರುಗಿ ಓದೋರ್ದೂ ಎಲೆ ಎತ್ತಿದ್ರಾ ನೀವು?"

ಪಕ್ಕದವರು ಕಿಸಕ್ಕನೆ ನಕ್ಕರು. ಅವನ ಮುಖ ಕೆಂಪಾಯಿತು. "ವಾಪಸ್ ಬದ್ಲಾಯಿಸು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ಅವಳು ಬದಲಾಯಿಸಲಿಲ್ಲ. ಅವನ ಕಣ್ಣೆದುರೇ ಎಲ್ಲವನ್ನೂ ಕಂಪನಿಗೆ ಕಳಿಸಿ ಬ್ಯಾಗು ಹೆಗಲಿಗೇರಿಸಿದಳು. ಮೂಗೂರಿನ ಬಸ್ಸು ಹತ್ತಿದಳು. ಈ ಕೆಲಸ ಹೋದರೆ ತನ್ನನ್ನು ಮನೆಯಲ್ಲಿ ಕೂರಿಸಿ, ಸಿಕ್ಕವನಿಗೆ ಕಟ್ಟಿಬಿಡುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮನೆಯ ಜಗಲಿಯಲ್ಲಿ ದೊಡ್ಡವ್ವ ಮಹದೇವಮ್ಮ ಸಾವಿನ ಮನೆಗೆ ಬಂದವಳ ಮುಖ ಹೊತ್ತು ಕೂತಿದ್ದಳು. "ಬಂದು ನೋಡಿ ಬ್ಯಾಡ ಅಂದ್ರಂತಲ್ಲವ್ವ."

"ಬರ್ನೇ ಇಲ್ಲ ಕನ ದೊಡ್ಡವ್ವ. ಕಟ್ಟೇಲಿ ಟೀ ಕುಡ್ದು ಓದ್ರು. ಊರಿಗೆಲ್ಲ ಅಂಗೇ ಯೋಳು."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಪವಿತ್ರ ಒಳಗೆ ಹೋಗಿ ಮುದ್ದೆ ಉಂಡಳು.

ಮಾರನೆಯ ಬೆಳಿಗ್ಗೆ ಎಂದಿನ ಬಸ್ಸಿಗೇ ಹೊರಟಳು. ಆಫೀಸಿನ ಮೆಟ್ಟಿಲ ಮೇಲ್ತುದಿಯಲ್ಲಿ ಅಮೃತೇಶ್ ಬಾಗಿಲಿಗೆ ಅಡ್ಡ ನಿಂತಿದ್ದ.

"ಬರ್ಬೇಡ ಅಂದಿದ್ನಲ್ಲ?"

"ಬಾಗ್ಲು ತಂಕ ಬಂದು ತಿರುಗೋಳು ನಾನಲ್ಲ ಸಾ" ಎಂದು ಪವಿತ್ರ ಚಪ್ಪಲಿ ಬಿಟ್ಟು, ಅವನ ಪಕ್ಕದಲ್ಲೇ ಸರಿದು ಒಳಗೆ ಹೋಗಿ, ತನ್ನ ಕುರ್ಚಿಯಲ್ಲಿ ಕೂತಳು.